ಖಂಡೇಪೂಜೆಯ ಗುಂಡುಗಳು

ಚುನಾವಣೆ ಬಂತೆಂದರೆ ಊರಿಗೆಲ್ಲ ತಲೆನೋವು, ವೀರೇಂದ್ರನಿಗೆ ಮಾತ್ರ ಹಬ್ಬ. ಯಾರು ಗೆದ್ದರೂ ಯಾರು ಸೋತರೂ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ಲೈಸೆನ್ಸ್ ಇದ್ದವರೆಲ್ಲ ತಮ್ಮ ಬಂದೂಕು, ಪಿಸ್ತೂಲುಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ, ಅದೇ ಅವನ ಹಬ್ಬ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಭೂತಿ ಹಚ್ಚಿಕೊಂಡು, ಅಪ್ಪನ ರಿವಾಲ್ವರನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಕೊಟ್ಟು ಬಂದರೆ, ಫಲಿತಾಂಶ ಬಂದು ಗೆದ್ದವರ ಗುಲಾಲು ತೊಳೆದುಹೋಗುವ ತನಕ ಗೊರಕೆ ಹೊಡೆಯುವಷ್ಟು ನಿದ್ದೆ. ಠಾಣೆಯಿಂದ ಫೋನು ಬಂದು "ಸಾವ್ಕಾರ್ರ, ನಿಮ್ಮ ಸಾಮಾನು ಒಯ್ರಿ" ಎಂದ ದಿನ ಮತ್ತೆ ಮುಖ ಸಣ್ಣದಾಗುತ್ತಿತ್ತು.

ಸಿಂಧನೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಮನೆ, ಮೇನ್ ರೋಡಿನಲ್ಲಿ ಬೀಜ ಗೊಬ್ಬರದ ಅಂಗಡಿ. ರಿವಾಲ್ವರ್ ಅವನ ಅಪ್ಪ ಅಮರಗುಂಡಪ್ಪನದು. ಅಪ್ಪ ಭತ್ತದ ವ್ಯಾಪಾರಕ್ಕೆಂದು ತುರ್ವಿಹಾಳ, ವಲಸೆ ರೈತರ ಕ್ಯಾಂಪು ಎಂದು ರೊಕ್ಕ ಹೊತ್ತುಕೊಂಡು ತಿರುಗುತ್ತಿದ್ದ, ಒಂದು ಆಯುಧ ಬೇಕೆನಿಸಿತು, ತೆಗೆದುಕೊಂಡ. ಅಪ್ಪ ಹೋದ ಮೇಲೆ ಹೊಲ ಹಂಚಿಹೋಯಿತು, ಈ ಕಬ್ಬಿಣದ ತುಂಡು ಮಾತ್ರ ಯಾರೂ ಕೇಳದೆ ವೀರೇಂದ್ರನ ಪಾಲಿಗೆ ಬಂತು. ಸರ್ಕಾರಕ್ಕೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಅವನು ಬಾಯಿ ತೆಗೆದಾಗಲೆಲ್ಲ ಅವ್ವ ಶೇಖರಮ್ಮ, "ಇರಲಿ ಬಿಡಪಾ, ನಿಮ್ಮಪ್ಪನ ನೆನಪು. ಅದೇನು ನಿನಗ ಅನ್ನ ಕೇಳತೈತೇನು?" ಎನ್ನುತ್ತಿದ್ದಳು. ಮಹಾನವಮಿಯ ಖಂಡೇಪೂಜೆಗೆ ಕೊಡಲಿ, ಕುಡಗೋಲು, ಮೋಟರ್ ಸೈಕಲ್ಲಿನ ಜೊತೆ ಅದಕ್ಕೂ ಕುಂಕುಮ. ಗುಂಡುಗಳನ್ನು ಹಿತ್ತಾಳೆ ಡಬ್ಬಿಯಲ್ಲಿ ಹಾಕಿ ದೇವರ ಜಗಲಿಯ ಮೇಲೆ ಇಟ್ಟವಳೂ ಅವಳೇ. ಐವತ್ತು ದಾಟಿದ ವೀರೇಂದ್ರ ಈ ತನಕ ಒಂದು ಸಲವೂ ಅದನ್ನು ಹಾರಿಸಿದವನಲ್ಲ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ದೀಪಾವಳಿ ಮುಗಿದ ಹೊಸದರಲ್ಲಿ, ಹಾಡುಹಗಲೇ, ಎದುರು ಮನೆಗೆ ಕಳ್ಳರು ನುಗ್ಗಿದರು. ಅದು ಬಸ್ ಡ್ರೈವರ್ ಆಗಿ ನಿವೃತ್ತನಾದ ನರಸಣ್ಣನ ಮನೆ. ಅವನು ಸಂತೆಗೆ ಹೋಗಿದ್ದ. ಹೆಂಡತಿ ತಿಮ್ಮವ್ವನನ್ನು ದಬ್ಬಿ, ಕೊರಳಲ್ಲಿದ್ದದ್ದನ್ನು ಕಿತ್ತುಕೊಂಡು ಹೋದರು. ಮುದುಕಿಯ ಕೈ ಮುರಿಯಿತು. ಸಂಜೆಗೆ ಓಣಿಯ ಗಂಡಸರೆಲ್ಲ ವೀರೇಂದ್ರನ ಮನೆಯ ಕಟ್ಟೆಗೆ ಬಂದು ಕೂತರು.

"ಸಾವ್ಕಾರ್ರ, ನಿಮ್ಮ ಮನ್ಯಾಗ ಪಿಸ್ತೂಲ್ ಇದ್ದೂ ನಮ್ಮ ಓಣಿಗೆ ಈ ಗತಿ ಅಂದ್ರ ಹೆಂಗ್ರೀ?" ಎಂದ ನರಸಣ್ಣ. ಅದೇನು ಓಣಿಗೆಲ್ಲ ಸೇರಿದ ಬೋರಿನ ನೀರೋ ಎಂಬಂತೆ! "ತುಂಬಿ ಇಟ್ಗೋರಿ. ಸದ್ದು ಕೇಳಿದ ಕೂಡ್ಲೇ ಹೊರಗ ಬರ್ರಿ. ನಾವೆಲ್ಲ ನಿಮ್ಮ ಹಿಂದ ಇರ್ತೀವಿ."

"ಹೌದ್ರೀ ಅಣ್ಣಾರ, ನೀವು ಇದ್ದೀರಿ ಅಂತ ನಮಗ ಧೈರ್ಯ," ಎಂದ ಪಕ್ಕದ ಮನೆಯ ಆಸೀಮ್. ಟೈರ್ ಪಂಕ್ಚರ್ ಅಂಗಡಿಯ ಹುಡುಗ, ಕೈಗೆ ಹತ್ತಿದ ಮಸಿ ಇನ್ನೂ ಹೋಗಿರಲಿಲ್ಲ.

ವೀರೇಂದ್ರ "ನೋಡೂಣು" ಎಂದ. ಹಿಂದೆ ಇರುವವರ ಚಿಂತೆ ಅವನಿಗಿರಲಿಲ್ಲ. ಮುಂದೆ ಇರುವವರದೇ ಚಿಂತೆ.

ಅವನ ಮನೆ ಮತ್ತು ಆಸೀಮನ ಮನೆ ಮೊದಲು ಒಂದೇ ಆಗಿದ್ದವು. ಅಪ್ಪ ಮತ್ತು ಕಾಕಾ ಬೇರೆಯಾದಾಗ ಪಡಸಾಲೆಯ ನಟ್ಟನಡುವೆ ಒಂಟಿ ಇಟ್ಟಂಗಿಯ ಗೋಡೆ ಎದ್ದಿತು. ಮೇಲಿನ ಸಾಗುವಾನಿ ತೊಲೆಯನ್ನು ಕಡಿಯಲು ಇಬ್ಬರಿಗೂ ಮನಸ್ಸಾಗದೆ, ಅದು ಗೋಡೆಯನ್ನು ತೂರಿಕೊಂಡು ಎರಡೂ ಕಡೆ ಹಾಗೇ ಉಳಿಯಿತು. ಆಮೇಲೆ ಕಾಕಾ ತನ್ನ ಅರ್ಧವನ್ನು ಆಸೀಮನ ತಾಯಿ ಶಂಶಾದ್‌ಬೀಗೆ ಮಾರಿ ಚಿನ್ನದ ಗಣಿಯ ಹಟ್ಟಿಗೆ ಹೊರಟುಹೋದ. ಈಗ ಆ ತೊಲೆಯ ಆಚೆಯ ತುದಿಗೆ ಆಸೀಮನ ಕೂಸಿನ ತೊಟ್ಟಿಲು. ಅವನ ಹೆಂಡತಿ ವಸೀಮಾ ಅಲ್ಲಿ ತೊಟ್ಟಿಲು ತೂಗಿದರೆ ಇಲ್ಲಿ ವೀರೇಂದ್ರನ ಮಂಚದ ಮೇಲೆ ತೊಲೆ ಕಿರ್ ಕಿರ್ ಎನ್ನುತ್ತಿತ್ತು. ಮೊದಮೊದಲು ಕಿರಿಕಿರಿಯಾಗಿತ್ತು. ಈಗ ಆ ಸದ್ದು ನಿಂತರೇ ಅವನಿಗೆ ಎಚ್ಚರವಾಗುತ್ತದೆ.

ತುಂಬಿ ಇಟ್ಟುಕೊಳ್ಳಲೇಬೇಕೆಂದಾದರೆ, ಆ ಗೋಡೆ ದಾಟದ ಗುಂಡು ಬೇಕು. ಅಷ್ಟನ್ನು ಅವನು ನಿರ್ಧರಿಸಿದ. ಜಗಲಿಯ ಡಬ್ಬಿ ತೆಗೆದು ನೋಡಿದರೆ ಅಪ್ಪನ ಕಾಲದ ಗುಂಡುಗಳು ಹಸಿರುಗಟ್ಟಿದ್ದವು. ಡಬ್ಬಿಯನ್ನೂ ಲೈಸೆನ್ಸನ್ನೂ ಚೀಲಕ್ಕೆ ಹಾಕಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದ. ಮಸ್ಕಿಯಲ್ಲಿ ಬಸ್ಸು ನಿಂತಾಗ ಎಲ್ಲರೂ ಇಳಿದು ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದರು. ಅವನಿಗೆ ಚಹಾ ಕೂಡ ಇಳಿಯಲಿಲ್ಲ. ಈ ವಯಸ್ಸಿನಲ್ಲಿ ಜನ ಮಂಡಿನೋವಿಗೆ ಔಷಧಿ ಹುಡುಕಿಕೊಂಡು ಹೋಗುತ್ತಾರೆ, ನಾನು ಗುಂಡು ಹುಡುಕಿಕೊಂಡು ಹೊರಟಿದ್ದೇನಲ್ಲ ಎಂದು ತನ್ನ ಮೇಲೇ ಬೇಸರಪಟ್ಟುಕೊಂಡ.

ಲಿಂಗಸುಗೂರಿನ ಬಂದೂಕಿನ ಅಂಗಡಿಯ ಸಿದ್ದಲಿಂಗೇಶ ಅಪ್ಪನ ಪರಿಚಯದವನು. ಹಂದಿ ಓಡಿಸುವ ರೈತರ ಬಂದೂಕು ರಿಪೇರಿ, ಹಬ್ಬಕ್ಕೆ ಪಟಾಕಿ, ಉಳಿದ ದಿನ ಅಡಿಕೆ ಜಗಿಯುತ್ತ ಕೂರುವುದು ಅವನ ವ್ಯಾಪಾರ.

"ಗ್ವಾಡಿ ದಾಟಲಾರದಂಥ ಗುಂಡು ಇದ್ರ ಕೊಡ್ರಿ," ಎಂದ ವೀರೇಂದ್ರ.

ಸಿದ್ದಲಿಂಗೇಶ ಕನ್ನಡಕ ತೆಗೆದು ಅವನನ್ನೊಮ್ಮೆ ನೋಡಿದ. "ಕಳ್ಳಗ ಬಡೀಬೇಕು, ಗ್ವಾಡಿ ದಾಟಬಾರದು. ಹೌದಿಲ್ಲೊ?"

"ಕಳ್ಳಗೂ ಬಡೀದಿದ್ರ ಇನ್ನೂ ಚಲೋ ನೋಡ್ರಿ."

"ಹಂಗಾರ ದೀಪಾವಳಿ ಪಟಾಕಿ ಉಳದಾವು, ಅವನ್ನ ಒಯ್ರಿ!" ಎಂದು ಅವನು ನಕ್ಕ. ಆಮೇಲೆ ಗಾಜಿನ ಮೇಲೆ ಎರಡು ಗುಂಡು ನಿಲ್ಲಿಸಿದ. "ಇದಕ್ಕ ತಾಮ್ರದ ಕವಚ ಐತಿ. ಇದು ಬರೇ ಸೀಸ. ತಾಮ್ರದ್ದು ಹೋತು ಅಂದ್ರ ಹೋತು, ಮುಂದಿಂದು ಯಾರ ಮನಿ ಅಂತ ಕೇಳಂಗಿಲ್ಲ. ಸೀಸ ಮೆತ್ತಗ, ಬಡದ ಕೂಡ್ಲೇ ಚಪ್ಪಟ ಆಗತೈತಿ. ನಿಮ್ಮ ಗ್ವಾಡಿ ಎಂಥಾದ್ದು?"

"ಒಂಟಿ ಇಟ್ಟಂಗೀದು. ಗಚ್ಚು ಉದುರೇತಿ."

"ಅದರ ಆಚೀಗೆ ಏನೈತಿ?"

"ತೊಟ್ಲ."

ಸಿದ್ದಲಿಂಗೇಶನ ಬಾಯಲ್ಲಿ ಅಡಿಕೆ ನಿಂತಿತು.

"ಫೋನ್‌ನ್ಯಾಗ ನೋಡೇನ್ರೀ," ಎಂದ ವೀರೇಂದ್ರ, "ಮೈಯಾಗ ಹೊಕ್ಕ ಕೂಡ್ಲೇ ಅಗಲ ಆಗಿ ಅಲ್ಲೇ ನಿಂದ್ರೂ ಗುಂಡು ಇರ್ತಾವಂತ."

"ಫೋನ್‌ನ್ಯಾಗ ಏನಿರಂಗಿಲ್ಲ ಬಿಡ್ರಿ! ನನ್ನ ಅಂಗಡ್ಯಾಗ ಇರೂದು ಇವೆರಡು. ಅಂಥಾದ್ದು ಸಿಕ್ಕರೂ, ಗುರಿ ತಪ್ಪಿ ಗ್ವಾಡಿಗೆ ಹೋದ್ರ ಅದು ನಿಂದ್ರತೈತಿ ಅಂತ ಯಾರು ಬರದು ಕೊಡಬೇಕು? ಸೀಸದ್ದು ಒಯ್ರಿ, ಇದ್ದದ್ರಾಗ ವಾಸಿ. ಒಂಟಿ ಇಟ್ಟಂಗಿಗೆ ಅದನ್ನೂ ನಂಬೂಹಂಗಿಲ್ಲ. ಗುಂಡು ಆರಿಸೂದು ಆಮ್ಯಾಲೆ, ಮದ್ಲ ನೀವು ಎಲ್ಲಿ ನಿಂತು ಯಾ ಕಡೆ ಹೊಡೀತೀರಿ ಅನ್ನೂದು ಆರಿಸ್ರಿ."

ಹೊಸ ಗುಂಡು ಕಟ್ಟಿಸಿಕೊಂಡು ವೀರೇಂದ್ರ ಹಳೆಯ ಡಬ್ಬಿ ಮುಂದಿಟ್ಟ. ಸಿದ್ದಲಿಂಗೇಶ ಒಂದನ್ನು ಎತ್ತಿ ಮೂಸಿ ನೋಡಿ ಮುಖ ಕಿವುಚಿದ.

"ಇದೇನ್ರೀ, ಮಿರ್ಚಿ ಕರದ ಬಾಣಲ್ಯಾಗಿಂದ ತಗದೀರೇನು?"

"ಖಂಡೇಪೂಜ್ಯಾಗ ಅವ್ವ ಎಣ್ಣಿ ಹಚ್ತಾಳ್ರೀ."

"ಹಚ್ಚಿಲ್ರೀ, ಕುಡಿಸ್ಯಾರ! ತಳದಾಗ ಈ ಬಿಲ್ಲಿ ಐತಲ್ಲ, ಇಲ್ಲೇ ಕಿಡಿ ಹತ್ತೂದು. ಇದರಾಗ ಎಣ್ಣಿ ಇಳದ್ರ ಮುಗೀತು."

"ಅಂದ್ರ ಇವೆಲ್ಲಾ ಸತ್ತಾವೇನ್ರೀ?"

"ಕೆಲವು ಸತ್ತಿರ್ತಾವು, ಕೆಲವು ಬದುಕಿರ್ತಾವು. ಹೊಡದ ಮ್ಯಾಲೇ ಗೊತ್ತಾಗೂದು. ಇವು ನನ್ನ ಕಡೆ ಇರಲಿ. ಹೊಸಾವನ್ನ ದೇವರಿಂದ ಸ್ವಲ್ಪ ದೂರ ಇಡ್ರಿ ಮತ್ತ."

ಬಸ್ಸಿನಲ್ಲಿ ಬರುವಾಗ ವೀರೇಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಯಾವ ಭಯದಲ್ಲಿ ನಿದ್ದೆಗೆಟ್ಟಿದ್ದನೋ, ಅದು ಅರ್ಧ ಸತ್ತ ಭಯ. ಈಗ ಚೀಲದಲ್ಲಿ ಇರುವುದು ಪೂರ್ತಿ ಬದುಕಿರುವ ಭಯ. ಅದನ್ನು ರೊಕ್ಕ ಕೊಟ್ಟು ತಾನೇ ತಂದಿದ್ದಾನೆ.

ಮರುದಿನ ಮಧ್ಯಾಹ್ನ ಅವನು ಪಡಸಾಲೆಯ ನಡುವೆ ನಿಂತು, ಬೆರಳನ್ನೇ ಪಿಸ್ತೂಲು ಮಾಡಿ ಒಂದೊಂದು ಕಡೆ ತೋರಿಸಿ ನೋಡಿದ. ಪಡುವಣಕ್ಕೆ ತೊಟ್ಟಿಲು, ಅದು ಬೇಡವೇ ಬೇಡ. ಮೂಡಣಕ್ಕೆ ತಲೆಬಾಗಿಲು, ಓಣಿ, ಓಣಿಯಾಚೆ ಕಿಟಕಿಯ ಪಕ್ಕದಲ್ಲೇ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ತಿಮ್ಮವ್ವ. ಕಳ್ಳರಿಂದ ಉಳಿದ ಮುದುಕಿ ಇವನ ಗುಂಡಿಗೆ ಹೋಗಬೇಕೇ? ಬಡಗಣಕ್ಕೆ ಅಡುಗೆಮನೆ. ಅಲ್ಲಿ ಹೆಂಡತಿ ಶಿವಕುಮಾರಿ ರೊಟ್ಟಿ ಬಡಿಯುತ್ತಿದ್ದಳು.

"ಏನ್ರೀ ಅದು, ಸಣ್ಣ ಹುಡುಗರಂಗ ಢಿಶುಂ ಢಿಶುಂ! ವಯಸ್ಸು ಎಷ್ಟಾತು ನಿಮಗ?"

ತೆಂಕಣ ಗೋಡೆ ಒಂದೇ ಗಟ್ಟಿ, ಅಜ್ಜನ ಕಾಲದ ಕಲ್ಲಿನ ಗೋಡೆ. ಆದರೆ ಅದಕ್ಕೆ ಹತ್ತಿಕೊಂಡೇ ದೇವರ ಜಗಲಿ, ಜಗಲಿಯ ಕೆಳಗೆ ಅವ್ವನ ಹಾಸಿಗೆ. ಕಳ್ಳ ಬಂದರೆ ಮೊದಲು ಕೈಕಾಲು ತೊಳೆದುಕೊಂಡು ದೇವರ ಮುಂದೆ ನಿಲ್ಲಬೇಕು, ಅವ್ವ ಹಾಸಿಗೆ ಸುತ್ತಿಕೊಂಡು ಪಕ್ಕಕ್ಕೆ ಸರಿಯಬೇಕು, ಆಮೇಲೆ ಹೊಡೆಯಬಹುದು. ವೀರೇಂದ್ರ ಬೆರಳು ಮಡಚಿ ಮಂಚದ ಮೇಲೆ ಕುಸಿದು ಕೂತ. ಸಾಕಾಗಿತ್ತು ಅವನಿಗೆ. ಕಳ್ಳರೂ ಸಾಕು, ಓಣಿಯೂ ಸಾಕು, ಅಪ್ಪನ ನೆನಪೂ ಸಾಕು ಎನಿಸಿತ್ತು.

ಸಂಜೆ ಅವ್ವ ಬಂದು ಪಕ್ಕದಲ್ಲಿ ಕೂತಳು. "ಹೊಸಾವು ತಂದೀಯಂತಲ್ಲ, ಕೊಡು. ಪೂಜಿ ಇಲ್ದ ಮನ್ಯಾಗ ಇಡಬಾರದು."

"ಪೂಜಿ ಗೀಜಿ ಏನೂ ಬ್ಯಾಡ ಬೇ ಅವ್ವಾ. ನಿನ್ನ ಎಣ್ಣಿ ಕುಡದು ಹಳೇವು ಕೆಟ್ಟು ಹೋಗ್ಯಾವು."

"ಹೌದಾ?" ಎಂದಳು ಶೇಖರಮ್ಮ. ಅಷ್ಟೇ. ಎರಡನೇ ಮಾತಾಡಲಿಲ್ಲ. ಅವ್ವ ಇಷ್ಟು ಬೇಗ ಒಪ್ಪಿದ್ದು ಇದೇ ಮೊದಲು ಎಂದು ಅವನಿಗೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಗುಂಡಿನ ಪೊಟ್ಟಣವನ್ನೂ ರಿವಾಲ್ವರನ್ನೂ ತಿಜೋರಿಯಲ್ಲಿಟ್ಟು, ಕೀಲಿಯನ್ನು ಎಂದಿನಂತೆ ಹೆಂಡತಿಯ ಕೈಗೆ ಕೊಟ್ಟ. ತುಂಬಿ ಇಡಲು ಕೈ ಬರಲಿಲ್ಲ. ಓಣಿಯವರಿಗೆ ಮಾತ್ರ "ಎಲ್ಲಾ ತಯಾರೈತಿ" ಎಂದು ಹೇಳಿದ. ಅವರು ಸುಖವಾಗಿ ಮಲಗಿದರು.

ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ಒಂದು ಮುಸ್ಸಂಜೆ ಕರೆಂಟು ಹೋಯಿತು. ವೀರೇಂದ್ರ ಆಗಷ್ಟೇ ಅಂಗಡಿಯಿಂದ ಬಂದು ಕಾಲು ತೊಳೆದಿದ್ದ. ಓಣಿಯ ವಾಟ್ಸಾಪಿನಲ್ಲಿ ನರಸಣ್ಣನ ದನಿ ಬಂತು: "ಸಾವ್ಕಾರ್ರ ಮಾಳಗಿ ಮ್ಯಾಲೆ ಯಾವನೋ ಅಡ್ಡಾಡಾಕತ್ಯಾನ! ಹುಷಾರ್ರೀ!" ಅದರ ಬೆನ್ನಿಗೇ ಮೇಲೆ ಧಪ್ ಎಂದು ಯಾರೋ ಜಿಗಿದ ಸದ್ದು. ಮಾಳಿಗೆಯ ಮಣ್ಣು ಉದುರಿ ಅವನ ಕೊರಳಿಗೆ ಬಿತ್ತು.

"ಹೋಗಬ್ಯಾಡ್ರೀ!" ಎಂದಳು ಶಿವಕುಮಾರಿ. ಆದರೂ ಅವನು ಕೇಳಿದ ಕೂಡಲೇ ಕೀಲಿ ಕೊಟ್ಟಳು. ಅವನು ಕತ್ತಲಲ್ಲೇ ಆರು ಗುಂಡನ್ನೂ ತುಂಬಿದ. ಎಲ್ಲಿ ನಿಲ್ಲಬೇಕು, ಯಾವ ಕಡೆ ಹೊಡೆಯಬೇಕು, ಬೆರಳಿನಲ್ಲಿ ಅಳೆದ ಅಳತೆ ಒಂದೂ ನೆನಪಿಗೆ ಬರಲಿಲ್ಲ. ಏಣಿ ಹತ್ತಿ ತಲೆ ಹೊರಗೆ ಹಾಕಿದರೆ, ಪಡುವಣದ ಮೋಟುಗೋಡೆಯ ಹತ್ತಿರ ಒಬ್ಬ ಬಗ್ಗಿ ಏನನ್ನೋ ಎಳೆಯುತ್ತಿದ್ದ.

"ಯಾರವಾ!" ಎಂದು ಕೂಗಬೇಕೆಂದುಕೊಂಡ. ಅಷ್ಟರಲ್ಲೇ ಆ ಮನುಷ್ಯ ತಟ್ಟನೆ ಎದ್ದು ಇವನ ಕಡೆ ತಿರುಗಿದ. ಕೈಯಲ್ಲಿ ಏನೋ ಇತ್ತು. ವೀರೇಂದ್ರನ ಬೆರಳು ತಾನಾಗಿಯೇ ಮಡಚಿಕೊಂಡಿತು.

ಟಕ್.

ಅಷ್ಟೇ. ಪೆಟ್ಟಿಗೆಯ ಮುಚ್ಚಳ ಮುಚ್ಚಿದಷ್ಟು ಸದ್ದು. ಅದೇ ಹೊತ್ತಿಗೆ ಕರೆಂಟು ಬಂತು. ಓಣಿಯ ಕಂಬದ ಬೆಳಕಿನಲ್ಲಿ ನಿಂತಿದ್ದವನು ಆಸೀಮ್. ಅವನ ಕೈಯಲ್ಲಿ ಕೂಸಿನ ಒದ್ದೆ ಬಟ್ಟೆ. ಅವನ ಬೆನ್ನ ಹಿಂದೆ, ಮೋಟುಗೋಡೆಯಾಚೆ, ವಸೀಮಾ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಮೂವರೂ ಒಂದೇ ಗೆರೆಯಲ್ಲಿದ್ದರು.

"ಓ ಅಣ್ಣಾರ, ನೀವಾ! ಗಾಳಿಗೆ ಬಟ್ಟಿ ಹಾರಿ ನಿಮ್ಮ ಮಾಳಗಿಗೆ ಬಿದ್ದಿತ್ರೀ. ಒದರಿದೆ, ನಿಮಗ ಕೇಳಲಿಲ್ಲ ಅನಸ್ತದ. ಸಿಟ್ಟಾಗಬ್ಯಾಡ್ರಿ."

"ಇಲ್ಲಪಾ," ಎಂದ ವೀರೇಂದ್ರ. ಕೈಯನ್ನು ಏಣಿಯ ಕೆಳಗೆ ಇಳಿಸಿಕೊಂಡಿದ್ದ. "ಸಿಟ್ಟ್ಯಾಕ. ಒಯ್ಯಿ."

ಕೂಸು ಬೆಳಕಿಗೆ ಕಣ್ಣು ಕಿರಿದು ಮಾಡಿ ಅವನನ್ನೇ ನೋಡುತ್ತಿತ್ತು. ಅವನು ಏಣಿ ಇಳಿದ. ಕೊನೆಯ ಎರಡು ಮೆಟ್ಟಿಲು ಕಾಲಿಗೆ ಸಿಗದೆ ಜಾರಿ ಕೂತುಬಿಟ್ಟ.

ಪಡಸಾಲೆಯ ಬೆಳಕಿನಲ್ಲಿ ರಿವಾಲ್ವರಿನ ಚಕ್ರ ಹೊರಳಿಸಿ ಗುಂಡು ತೆಗೆದಾಗ ಬೆರಳು ಜಾರಿತು. ಮೂಸಿ ನೋಡಿದ. ಕುಸುಬಿ ಎಣ್ಣೆ. ತಲೆಯೆತ್ತಿದರೆ ಅವ್ವ ಎದುರಿಗೆ ನಿಂತಿದ್ದಳು.

"ಹೊಸಾವಕ್ಕೂ ಎಣ್ಣಿ ಹಾಕೀಯೇನು ಬೇ?"

"ಹಾಕೇನಿ. ನಿನ್ನ ಹೇಣ್ತಿ ಕೀಲಿ ಕೊಟ್ಲು, ನಾ ಹಾಕೇನಿ. ನೀ ತಂದ ದಿನದಿಂದ ದೇವರ ಫೋಟೋದ ಹಿಂದ ಎಣ್ಣಿ ಬಟ್ಲಾಗ ಇದ್ವು, ಮೊನ್ನಿ ಒರಸಿ ಒಳಗ ಇಟ್ಟೆ." ಮಗನ ಮುಖ ನೋಡಿ ಅವಳ ದನಿ ಇಳಿಯಿತು. "ಹೊಡದೀ ಏನಲೇ?"

"ಹೂಂ."

"ಯಾರಿಗೆ?"

"ಆಸೀಮಗ. ಅವನ ಹಿಂದ ಕೂಸು ಇತ್ತು ಬೇ ಅವ್ವಾ."

ಶೇಖರಮ್ಮ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು ಅವನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ನೀ ಹೈಸ್ಕೂಲಿಗೆ ಹೊಂಟಾಗಿನ ಮಾತು. ಹೇಳದ ಕೇಳದ ಸಿನಿಮಾಕ್ಕ ಹೋಗಿ ಇದೇ ಮಾಳಗಿ ಜಿಗಿದು ಬಂದಿದ್ದಿ. ನಿಮ್ಮಪ್ಪ ಕಳ್ಳ ಅಂತ ಇದನ್ನ ಹಿಡದು ಕತ್ತಲಾಗ ನಿಂತಿದ್ದ. ಏಣೀ ಮ್ಯಾಲೆ ನೀ ಕೆಮ್ಮಿದಿ ನೋಡು, ನನಗ ಕೆಮ್ಮಿನ ಗುರುತು ಸಿಕ್ತು, ಓಡಿ ಹೋಗಿ ಅವನ ಕೈ ಹಿಡದೆ. ನಿನಗ ಯಾರೂ ಹೇಳಲಿಲ್ಲ. ಮರುದಿನ ಮಹಾನವಮಿ ಇಲ್ಲ ಏನಿಲ್ಲ, ನಾ ಖಂಡೇಪೂಜಿ ಮಾಡಿದೆ. ಗುಂಡು ಹಸಿ ಆದ್ರ ಹಾರಂಗಿಲ್ಲ ಅಂತ ನಿಮ್ಮಪ್ಪನೇ ಒಮ್ಮೆ ಅಂದಿದ್ದ. ಆವತ್ತಿಂದ ಈ ಮನ್ಯಾಗ ಎಣ್ಣಿ ಕುಡೀದ ಗುಂಡು ಒಂದೂ ಇಲ್ಲ."

ವೀರೇಂದ್ರ ಕೈಯಲ್ಲಿದ್ದ ಗುಂಡನ್ನು ನೆಲದ ಮೇಲೆ ಇಟ್ಟ.

"ಅದಕ್ಕೇ ಅನ್ನೂದು, ಹೆದರಬ್ಯಾಡ," ಎಂದಳು ಅವ್ವ, ಅವನ ಬೆನ್ನು ಸವರುತ್ತ. "ಎಲ್ಲಾ ಸತ್ತಾವು. ಸತ್ತಿದ್ದಕ್ಕೇ ನಾ ಇಷ್ಟು ವರ್ಷ ಇದರ ಮಗ್ಗಲಾಗ ನಿದ್ದಿ ಮಾಡೀನಿ."

ಆವತ್ತು ಗೋಡೆಯಾಚೆ ತೊಟ್ಟಿಲು ತೂಗುವುದು ನಿಂತ ಮೇಲೂ ವೀರೇಂದ್ರ ಎದ್ದೇ ಇದ್ದ. 'ಕೆಲವು ಬದುಕಿರ್ತಾವು' ಎಂದ ಸಿದ್ದಲಿಂಗೇಶನ ಮಾತು ಅವನ ತಲೆ ಬಿಟ್ಟು ಹೋಗಲಿಲ್ಲ.

ಬೆಳಿಗ್ಗೆ ರಿವಾಲ್ವರನ್ನೂ ಗುಂಡುಗಳನ್ನೂ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟ. ಸಿದ್ದಲಿಂಗೇಶ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕಾದು ಕೂತಿದ್ದ.

"ಇದು ನನಗ ಬ್ಯಾಡ್ರೀ. ನಿಮ್ಮ ಕಡೆ ಇಟ್ಗೋರಿ, ಸರ್ಕಾರಕ್ಕ ಒಪ್ಪಿಸೂದು ಏನೈತಿ ಅದನ್ನ ಮಾಡಿ ಮುಗಸ್ತೀನಿ. ಅದಕ್ಕಿಂತ ಮದ್ಲ ಇವನ್ನ ಹೊಡದು ನೋಡ್ರಿ. ಇವಕ್ಕೂ ಎಣ್ಣಿ ಬಿದ್ದೈತಿ."

"ಇವಕ್ಕೂನಾ? ನಿಮ್ಮವ್ವಾರು ಬಿಡೂ ಪೈಕಿ ಅಲ್ಲ!" ಎಂದು ನಗುತ್ತ ಸಿದ್ದಲಿಂಗೇಶ ಅಂಗಡಿಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ರಿಪೇರಿಯ ಬಂದೂಕು ಹೊಡೆದು ನೋಡಲು ಮರಳು ತುಂಬಿದ ಡ್ರಮ್ಮು ಇತ್ತು. ತಳದಲ್ಲಿ ಸೂಜಿಯ ಪೆಟ್ಟು ಬಿದ್ದಿದ್ದ ಗುಂಡನ್ನು ಮೊದಲು ಹಾಕಿ ಎಳೆದ. ಟಕ್ ಎಂದಿತು. ಮತ್ತೊಮ್ಮೆ ಎಳೆದ. ಟಕ್. "ಇದು ಪೂರ್ತಿ ಸತ್ತೈತಿ," ಎಂದು ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಹಾಕಿದ.

ಢಂ!

ಎದುರಿನ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ವೀರೇಂದ್ರ ಗೋಡೆ ಹಿಡಿದುಕೊಂಡ. ಮೂರನೆಯದೂ ಹಾರಿತು. ನಾಲ್ಕನೆಯದೂ. ಉಳಿದ ಎರಡೂ ಹಾರಿದವು. ಡ್ರಮ್ಮಿನಿಂದ ಮರಳು ಸೋರತೊಡಗಿತು.

"ಹೊಸಾವು ಗಟ್ಟಿ ಇರ್ತಾವ್ರೀ, ನಾಕು ದಿನದ ಎಣ್ಣಿಗೆ ಬಗ್ಗಂಗಿಲ್ಲ," ಎಂದ ಸಿದ್ದಲಿಂಗೇಶ ಹೊಗೆ ಬೀಸಿಕೊಳ್ಳುತ್ತ. "ನಿಮ್ಮವ್ವಾರ ಪೂಜಿ ಒಂದಕ್ಕ ಮಾತ್ರ ಮುಟ್ಟೈತಿ ನೋಡ್ರಿ. ಇದೇನು, ಯಾಕ್ರೀ? ಕೂಡ್ರಿ ಕೂಡ್ರಿ, ನೀರು ಕುಡೀರಿ."

ವೀರೇಂದ್ರ ಆ ಸತ್ತ ಗುಂಡನ್ನು ಕೈಯಲ್ಲಿ ಹಿಡಿದು ನೋಡುತ್ತ ಕೂತ. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ತುಂಬಿದ್ದ. ಇದರ ಜಾಗದಲ್ಲಿ ಪಕ್ಕದ್ದು ಇದ್ದಿದ್ದರೆ? ಮುಂದಿನದನ್ನು ಯೋಚಿಸಲು ಆಗದೆ ಅವನು ಅತ್ತುಬಿಟ್ಟ. ಸಿದ್ದಲಿಂಗೇಶ ಕಾರಣ ಕೇಳಲಿಲ್ಲ, ಚಹಾ ತರಿಸಿದ.

ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಶೇಖರಮ್ಮ ತಲೆಬಾಗಿಲಲ್ಲೇ ಕೂತು ದಾರಿ ಕಾಯುತ್ತಿದ್ದಳು. ಹತ್ತಿರ ಶಂಶಾದ್‌ಬೀ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಿಸಿಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಎಣ್ಣೆಯ ಬಟ್ಟಲು ಇವರ ಮನೆಯದೇ.

"ಅಂಗಡ್ಯಾವ ಏನಂದ?" ಎಂದು ಅವ್ವ ಸಣ್ಣ ದನಿಯಲ್ಲಿ ಕೇಳಿದಳು. "ಎಲ್ಲಾ ಸತ್ತಿದ್ವು ಹೌದಿಲ್ಲೊ?"

ವೀರೇಂದ್ರ ಚಪ್ಪಲಿ ಬಿಟ್ಟ. ಕೂಸು ಕಾಲು ಬಡಿಯುತ್ತ ನಗುತ್ತಿತ್ತು. ಅವ್ವನ ಮುಖ ನೋಡಿದ. ಎಷ್ಟೋ ವರ್ಷಗಳ ನಿದ್ದೆ ಆ ಮುಖದ ಮೇಲಿತ್ತು.

"ಹೂಂ ಬೇ ಅವ್ವಾ," ಎಂದ. "ಒಂದೂ ಬದುಕಿದ್ದಿಲ್ಲ."

"ನಾ ಹೇಳಿರಲಿಲ್ಲೇನು?" ಎಂದಳು ಅವಳು, ಶಂಶಾದ್‌ಬೀಯ ಕಡೆಗೆ ಬಟ್ಟಲು ಸರಿಸುತ್ತ.

ವೀರೇಂದ್ರ ಒಳಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡ. ಮೈಯೆಲ್ಲ ನೋಯುತ್ತಿತ್ತು, ಕಣ್ಣು ಮಾತ್ರ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಕೂಸನ್ನು ಒಳಗೆ ಒಯ್ದು ತೊಟ್ಟಿಲಿಗೆ ಹಾಕಿದರು, ತೊಲೆ ಕಿರ್ ಕಿರ್ ಎಂದಿತು. ಅವನು ಗೋಡೆಯ ಕಡೆ ಹೊರಳದೆ, ಅಂಗಾತ ಮಲಗಿ, ಅದು ನಿಲ್ಲುವ ತನಕ ಕೇಳಿದ. ನಿಂತ ಮೇಲೆ ಎದ್ದು ಕೂತು, ಮತ್ತೆ ಶುರುವಾಗಲಿ ಎಂದು ಕಾದ.